ಗಾಡಿ ಫಿಟ್ಟಿಲ್ಲ

ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು ಅವರಿಗೂ ಒಂದಿತ್ತು. ಆದರೆ ಬಸ್ ಡಿಪೋದಲ್ಲಿ ಅದು ಹಾಜರಿ ಪುಸ್ತಕದಲ್ಲೇ ಮುದುಡಿ ಕೂತಿತ್ತು. ಮಿಕ್ಕ ಎಲ್ಲ ಕಡೆ ಅವರು 'ಫಿಟ್ಟಿಲ್ಲ'. ಬೆಳಗ್ಗೆ ಗಾಡಿ ಹತ್ತುವ ಮೊದಲು ಟೈರಿಗೆ ಒದ್ದು, ಬ್ರೇಕು ತುಳಿದು, ಸ್ಟೇರಿಂಗನ್ನು ಅತ್ತಿತ್ತ ಅಲ್ಲಾಡಿಸಿ, ಎಲ್ಲಾದರೂ ಒಂದು ಕಿರಕಿರ ಕಿವಿಗೆ ಬಿತ್ತೋ ಮುಗಿಯಿತು. ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು "ಗಾಡಿ ಫಿಟ್ಟಿಲ್ಲ" ಎಂದುಬಿಡುತ್ತಿದ್ದರು. ಮೇಲಿನವರು ಗದರಿದರೂ, ಮೆಕ್ಯಾನಿಕ್ಕುಗಳು ಹಲ್ಲು ಕಡಿದರೂ ಆಸಾಮಿ ಜಪ್ಪಯ್ಯ ಅನ್ನಲಿಲ್ಲ. ದಾರಿಯಲ್ಲಿ ಗಾಡಿ ಕೆಮ್ಮಿದರೂ ಅಷ್ಟೇ. ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಎಂಜಿನ್ ಆಫ್ ಮಾಡಿ, ಆಮೇಲೆಯೇ ಬೇರೆ ಮಾತು. ಇಡೀ ಸರ್ವೀಸಿನಲ್ಲಿ ಅವರ ಚಕ್ರದಡಿ ಒಂದು ಕೋಳಿಮರಿಯೂ ಸತ್ತಿರಲಿಲ್ಲ ಎಂಬುದನ್ನು ಮಾತ್ರ ಅವರ ಶತ್ರುಗಳೂ ಒಪ್ಪುತ್ತಿದ್ದರು.

ಹೆಂಡತಿ ಅದೇ ಬಸ್ಸಿನ ಕಂಡಕ್ಟರು. ಒಂದು ಸೀಟಿ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಆಕೆಯ ಸೀಟಿಗೆ ಡ್ರೈವರು ಒಂದು ದಿನವೂ ಎದುರಾಡಿದವರಲ್ಲ. ಸಂಸಾರ ನೆಟ್ಟಗೆ ಸಾಗಿದ್ದೇ ಇದರಿಂದ ಎಂದು ಡಿಪೋದವರ ಅಂಬೋಣ. ಮನೆಯಲ್ಲಿ ಸಲಿಗೆಯ ಹೊತ್ತಿನಲ್ಲಿ ಆಕೆ ಅವರನ್ನು "ರೀ" ಎನ್ನುತ್ತಿದ್ದರು. "ಡ್ರೈವರ್ರೇ" ಎಂದರೆ ವಿಷಯ ಗಂಭೀರ ಎಂದು ಅರ್ಥ.

ನಿವೃತ್ತಿಯಾದ ಮೇಲೆ ಡ್ರೈವರ ಕೈಗೆ ಉಳಿದದ್ದು ಒಂದು ಹಳೇ ಸ್ಕೂಟರು. ದಿನಾ ಬೆಳಗ್ಗೆ ಕಂಡಕ್ಟರಮ್ಮನನ್ನು ಹಿಂದೆ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೋಗಿ, ಪಾರ್ಕು ಸುತ್ತಿ, ಮನೆಗೆ ಬರುವುದು. ಎದುರು ಗಾಳಿ ಮುಖಕ್ಕೆ ಹೊಡೆಯುವ ಆ ಹೊತ್ತಿಗಾಗಿಯೇ ಅವರು ಏಳುತ್ತಿದ್ದರು ಎಂದರೂ ತಪ್ಪಿಲ್ಲ. ಒಂದೇ ಕಿರಿಕಿರಿ ಎಂದರೆ ಹಿಂದಿನ ಸೀಟಿನ ಬಾಯಿ. "ಎಡಗಡೆ ಗುಂಡಿ." "ಎಡಗಡೆ ಸೈಕಲ್ಲು." "ಎಡಗಡೆ ನಾಯಿ ಮಲಗಿದೆ, ಎಬ್ಬಿಸ್ಬೇಡಿ." ಕೆಲಸ ಬಿಟ್ಟರೂ ಇವಳಿಗೆ ಕಂಡಕ್ಟರಿಕೆ ಬಿಡಲಿಲ್ಲವಲ್ಲ ಎಂದು ಡ್ರೈವರು ಹೆಲ್ಮೆಟ್ಟಿನೊಳಗೇ ಗೊಣಗಿಕೊಳ್ಳುತ್ತಿದ್ದರು.

ಇನ್ನು ಕಂಪ್ಯೂಟರಿನ ಕತೆ. ಮಗ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನು. ಲೆಕ್ಕದ ಕೆಲಸಕ್ಕೆ ಬೇಕೇ ಬೇಕು ಎಂದು ಹೆಂಡತಿಯ ತಲೆ ಸವರಿ, ಪರದೆಯ ಮೇಲೆ ಚಿತ್ರ ಮೂಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿದ ಕಂಪ್ಯೂಟರು, ಅಗಲವಾದ ಪರದೆ, ಸಾಲದ್ದಕ್ಕೆ ಪೆಡಲ್ಲುಗಳ ಸಮೇತ ಒಂದು ಸ್ಟೇರಿಂಗನ್ನೂ ತಂದಿದ್ದ. ಕೂಡಿ ಕಳೆಯುವುದಕ್ಕೆ ಸ್ಟೇರಿಂಗು ಯಾಕೆ ಎಂದು ಅವಳು ಕೇಳಿದಾಗ ಅವನಿಗೆ ಕೆಮ್ಮು ಬಂದಿತ್ತು. ಹೆಂಡತಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು, ಕೆಮ್ಮಿಗೆ ಬಾಟಲಿ ಕೊಟ್ಟಳು, ಕೇಳುವುದನ್ನು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಅವನಿಗೆ ಬಡ್ತಿ ಸಿಕ್ಕಿ, ಆಡುವುದಿರಲಿ, ಉಸಿರಾಡುವುದಕ್ಕೂ ಬಿಡುವಿಲ್ಲದಂತಾಯಿತು. ಒಂದು ದಿನ ತಮಾಷೆಗೆ ಅಪ್ಪನನ್ನು ಕೂರಿಸಿ ಬಸ್ಸು ಓಡಿಸುವ ಆಟ ಹಾಕಿಕೊಟ್ಟ.

ಅಂದಿನಿಂದ ಆ ಕೋಣೆ ಡಿಪೋ ಆಯಿತು. ಡ್ರೈವರು ಮಧ್ಯಾಹ್ನದ ನಿದ್ದೆ ಮುಗಿಸಿ, ಮುಖ ತೊಳೆದು, ಷರಟಿನ ಗುಂಡಿ ಮೇಲಿನವರೆಗೂ ಹಾಕಿಕೊಂಡು ಡ್ಯೂಟಿಗೆ ಕೂರುತ್ತಿದ್ದರು. ಕುರ್ಚಿಯನ್ನು ಮುಂದಕ್ಕೆಳೆದು, ಬಸ್ಸಿನ ಗಾಜಿಗೆ ಬಗ್ಗಿ ನೋಡುವ ಹಾಗೆ ಪರದೆಗೆ ಮೂಗು ತಾಗಿಸಿಯೇ ಕೂರಬೇಕು. ಆ ಆಟದಲ್ಲಿ ಜನ ಬಸ್ಸನ್ನು ಗೋಡೆಗೆ ಗುದ್ದಿಸಿ ಕೇಕೆ ಹಾಕುತ್ತಾರಂತೆ. ನಮ್ಮ ಡ್ರೈವರು ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಗೊಂಬೆ ಪ್ರಯಾಣಿಕರೆಲ್ಲ ಹತ್ತಿದರೋ ಎಂದು ಕನ್ನಡಿಯಲ್ಲಿ ನೋಡಿ, ಬಾಗಿಲಲ್ಲಿ ನಿಂತವನನ್ನು "ಒಳಗ್ ಹೋಗಯ್ಯಾ" ಎಂದು ಗದರಿ ಮುಂದೆ ಹೋಗುವವರು. ಸ್ಟಾಪುಗಳಿಗೆ ತಮ್ಮದೇ ಹೆಸರಿಟ್ಟಿದ್ದರು: ಹಾಲಿನ ಬೂತು, ಹಳೇ ಆಸ್ಪತ್ರೆ, ನೀರಿನ ಟ್ಯಾಂಕು. ಟ್ಯಾಂಕು ದಾಟಿದರೆ ಸೇತುವೆ, ಸೇತುವೆ ದಾಟಿದರೆ ಒಂದು ಉದ್ದನೆಯ ಏರು.

ತೊಂದರೆ ಬಂದದ್ದು ಆ ಏರಿನಲ್ಲಿ. ಒಂದು ಮಧ್ಯಾಹ್ನ, ಅರ್ಧ ಏರು ಹತ್ತಿದಾಗ ರಸ್ತೆಯ ಮೇಲೆಲ್ಲ ನೇರಳೆ ಬಣ್ಣದ ಚೌಕಗಳು ಎದ್ದವು. ಮರಗಳು ಹರಿದು ಚಿಂದಿಯಾದವು. ಎದುರಿಗೆ ಬರುತ್ತಿದ್ದ ಲಾರಿಗೆ ತಲೆ ಇದ್ದದ್ದು ಒಂದು ಕಡೆ, ಮೈ ಇನ್ನೊಂದು ಕಡೆ. ಡ್ರೈವರು ಗಾಬರಿಯಾಗಲಿಲ್ಲ. ಪಕ್ಕಕ್ಕೆ ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ಇಂಡಿಕೇಟರ್ ಹಾಕಿದರು, ಕಂಪ್ಯೂಟರಿನ ಗುಂಡಿ ಒತ್ತಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಆಮೇಲೆ "ಗಾಡಿ ಫಿಟ್ಟಿಲ್ಲ!" ಎಂದು ಮನೆ ಹಾರಿಹೋಗುವಂತೆ ಕೂಗಿದರು.

ಮಗ ಬಂದ, ಸೊಸೆ ಬಂದಳು. ಮತ್ತೆ ಹಾಕಿ ನೋಡಿದರೆ ರಸ್ತೆ ತೊಳೆದಿಟ್ಟ ಹಾಗಿದೆ. ಮರಕ್ಕೆ ಎಲೆ, ಲಾರಿಗೆ ತಲೆ, ಎಲ್ಲ ಇದ್ದಲ್ಲೇ ಇದೆ. ಮರುದಿನವೂ ಇದೇ ಪಾಡು. ಅದರ ಮರುದಿನವೂ ಅದೇ. ಅವರು ಕೂಗುವುದು, ಇವರು ಓಡಿ ಬರುವುದು, ಪರದೆ ಏನೂ ಅರಿಯದ ಮಗುವಿನ ಹಾಗೆ ಕೂತಿರುವುದು. ಮಗ ತನ್ನ ಲೆಕ್ಕದ ಹಾಳೆಗಳನ್ನು ತೆರೆದು ನೋಡಿದ. ಒಂದು ಸೊನ್ನೆಯೂ ನೇರಳೆಯಾಗಲಿಲ್ಲ.

"ಮಾವ, ಎಡಗಡೆ ಅಂಚಲ್ಲಿ ಮಂಜು ಅಂತಾನೂ ಅಂದ್ರಲ್ಲ ಮೊನ್ನೆ?" ಎಂದಳು ಸೊಸೆ, ಸ್ವರ ಇಳಿಸಿ.

"ಹೂಂ, ಮಂಜೂ ಇದೆ. ಸ್ಟಾಪಿನ ಬೋರ್ಡು ಓದೋಕಾಗಲ್ಲ. ಕಾರ್ಡೇ ಹಾಳಾಗಿದೆ."

"ಕಾರ್ಡಲ್ಲ ಮಾವ. ಬಣ್ಣ ಬಣ್ಣದ ಚೌಕ ಕಾಣೋದು, ಮಂಜು ಕಟ್ಟೋದು ಅಂದ್ರೆ ಕಣ್ಣಿನ ರೆಟಿನಾ ತೊಂದ್ರೆ ಇರಬಹುದು." ಔಷಧಿ ಅಂಗಡಿಯಲ್ಲಿ ಕೂತು ಕೂತು ಅವಳಿಗೆ ಒಂದು ಸೀನಿನಲ್ಲೂ ದೊಡ್ಡ ಆಸ್ಪತ್ರೆಯೇ ಕಾಣುತ್ತಿತ್ತು. ಆದರೆ ಅಂದು ಅವಳ ಮುಖದಲ್ಲಿದ್ದದ್ದು ನಿಜವಾದ ಭಯ. ಎದ್ದು ಹೋಗಿ, ಬಾಗಿಲ ಪಕ್ಕದ ಮೊಳೆಯಿಂದ ಸ್ಕೂಟರಿನ ಕೀ ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. "ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಬರೋವರೆಗೂ ಇದು ನನ್ನ ಹತ್ರ ಇರುತ್ತೆ. ಹಿಂದೆ ಅತ್ತೆ ಕೂತಿರ್ತಾರೆ, ಮಾವ. ಬೈಕೊಳ್ಳಿ ಬೇಕಾದ್ರೆ."

ಕಣ್ಣಿನ ಡಾಕ್ಟರೆಂದರೆ ಡ್ರೈವರಿಗೆ ಯಮನ ಗುಮಾಸ್ತ. ಅವರ ಜೊತೆಯ ಎಷ್ಟೋ ಡ್ರೈವರುಗಳು ಗೋಡೆಯ ಮೇಲಿನ ಅಕ್ಷರ ಓದಲಾಗದೆ ಒಳಹೋದ ಬಾಗಿಲಿನಿಂದಲೇ ಹೊರಬಂದು, ಮರುದಿನದಿಂದ ಡಿಪೋದ ಗೇಟು ಕಾಯುತ್ತಾ ಕೂತದ್ದನ್ನು ಅವರು ನೋಡಿದ್ದರು. ಆ ಅಕ್ಷರಗಳ ಮುಂದೆ ತಾವು ಇನ್ನೊಂದು ಸಲ ನಿಲ್ಲುವುದು ಸಾಧ್ಯವೇ ಇಲ್ಲ.

"ನನ್ನ ಕಣ್ಣು ಗಟ್ಟಿಯಾಗಿದೆ. ಕೆಟ್ಟಿರೋದು ಕಾರ್ಡು," ಎಂದರು. "ಅದಕ್ಕೆ ವಾರಂಟಿ ಇದೆ ಅಲ್ವೇನೋ?"

"ಇದೆ ಅಪ್ಪ. ಇನ್ನೂ ಇದೆ," ಎಂದ ಮಗ.

"ಹಾಗಾದ್ರೆ ಒಂದು ಮಾತು," ಎಂದಳು ಸೊಸೆ. "ಕಾರ್ಡೇ ಕೆಟ್ಟಿದೆ ಅಂತ ಕಂಪನಿಯವರು ಒಪ್ಪಿ ಹೊಸದು ಕೊಟ್ರೆ, ಅದೇ ದಿನ ಕೀ ನಿಮ್ಮ ಕೈಗೆ. ಕೊಡ್ಲಿಲ್ಲಾಂದ್ರೆ ನೀವು ಸುಮ್ನೆ ನನ್ನ ಜೊತೆ ಕಣ್ಣಾಸ್ಪತ್ರೆಗೆ ಬರ್ಬೇಕು. ಸರೀನಾ?"

"ಸರಿ," ಎಂದರು ಡ್ರೈವರು. ಕಂಡಕ್ಟರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಅವರು ಇತ್ತ ಕಡೆಗೂ ಮಾತಾಡಲಿಲ್ಲ, ಅತ್ತ ಕಡೆಗೂ ಮಾತಾಡಲಿಲ್ಲ.

ಮಗ ಆಫೀಸಿಗೆ ಹೋಗುವ ದಾರಿಯಲ್ಲಿ ಕಾರ್ಡನ್ನು ಸರ್ವೀಸ್ ಸೆಂಟರಿಗೆ ಕೊಟ್ಟ. ಕೆಲವು ದಿನ ಬಿಟ್ಟು ಅದು ಹೋದ ದಾರಿಯಲ್ಲೇ ವಾಪಸು ಬಂತು. ಜೊತೆಗೆ ಬಂದ ಚೀಟಿಯಲ್ಲಿ ಒಂದೇ ಸಾಲು: ಪರೀಕ್ಷಿಸಲಾಗಿದೆ, ಯಾವುದೇ ದೋಷ ಕಂಡುಬಂದಿಲ್ಲ.

ಡ್ರೈವರಿಗೆ ಮೈಯೆಲ್ಲ ಉರಿಯಿತು. ಇದು ಅವರು ಜೀವಮಾನವೆಲ್ಲ ಕೇಳಿದ ಮಾತು. ಡಿಪೋದ ಮೆಕ್ಯಾನಿಕ್ಕುಗಳೂ ಶೆಡ್ಡಿನಲ್ಲೇ ಎಂಜಿನ್ ಚಾಲೂ ಮಾಡಿ, ತಲೆಯಾಡಿಸಿ, "ಗಾಡಿ ಸರಿಯಾಗೇ ಇದೆ, ಡ್ರೈವರೇ ಸರಿ ಇಲ್ಲ" ಎನ್ನುತ್ತಿದ್ದರು. ಸೊಸೆ ಆಗಲೇ ಫೋನಿನಲ್ಲಿ ಆಸ್ಪತ್ರೆಯ ನಂಬರು ಹುಡುಕುತ್ತಿದ್ದಳು. "ಒಂದು ಅವಕಾಶ ಕೊಡಮ್ಮ. ನಾನೇ ಹೋಗ್ತೀನಿ. ನಾಳೇನೇ," ಎಂದರು ಡ್ರೈವರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಡಿಕೆ ಇತ್ತು. ಅವಳು ಫೋನು ಕೆಳಗಿಟ್ಟಳು.

ಮರುದಿನ ಗಂಡ ಹೆಂಡತಿ ಬಸ್ಸು ಹತ್ತಿದರು. ಸ್ಕೂಟರಿಗೆ ಕೀ ಇಲ್ಲ, ಇದ್ದಿದ್ದರೂ ಅಷ್ಟು ಸಾಮಾನು ಹಿಡಿಯುತ್ತಿರಲಿಲ್ಲ. ಕಂಪ್ಯೂಟರಿನ ಡಬ್ಬಿ ಕಂಡಕ್ಟರಮ್ಮನ ತೊಡೆಯ ಮೇಲೆ, ಸ್ಟೇರಿಂಗು ಡ್ರೈವರ ಎದೆಗೆ, ಪೆಡಲ್ಲುಗಳು ತರಕಾರಿ ಚೀಲದಲ್ಲಿ. ಸಾಮಾನಿಗೆ ಟಿಕೆಟು ಬೇಡಮ್ಮ ಎಂದ ಆ ಬಸ್ಸಿನ ಕಂಡಕ್ಟರನಿಗೆ ನಿಯಮ ಓದಿ ಹೇಳಿ ಟಿಕೆಟು ಹರಿಸಿಕೊಂಡರು ಕಂಡಕ್ಟರಮ್ಮ. ಡ್ರೈವರು ಸ್ಟೇರಿಂಗು ಹಿಡಿದೇ ಮುಂದಿನ ಸೀಟಿನಲ್ಲಿ ಕೂತದ್ದರಿಂದ, ಹತ್ತಿದವರೆಲ್ಲ ಒಮ್ಮೆ ಇವರನ್ನು, ಒಮ್ಮೆ ಬಸ್ಸು ಓಡಿಸುತ್ತಿದ್ದವನನ್ನು ನೋಡಿ ಹಿಂದಿನ ಸೀಟಿಗೆ ಹೋಗಿ ಕೂತರು.

ಸರ್ವೀಸ್ ಸೆಂಟರು ಎಂದರೆ ಒಂದು ತಣ್ಣನೆಯ ಹಜಾರ, ಗಾಜಿನ ಕೌಂಟರು, ಟೋಕನ್ ಉಗುಳುವ ಯಂತ್ರ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಕುರ್ಚಿಗಳಲ್ಲಿ ಸತ್ತ ಪ್ರಿಂಟರನ್ನು ತೊಡೆಯ ಮೇಲೆ ಮಲಗಿಸಿಕೊಂಡ ಒಬ್ಬ ದಪ್ಪ ಮನುಷ್ಯ, ಲ್ಯಾಪ್‌ಟಾಪಿಗೆ ಹಾಲು ಕುಡಿಸಿ ಬಂದ ಒಬ್ಬ ಟೀಚರು, ಇನ್ನೂ ನಾಲ್ಕಾರು ಜನ. ಕೌಂಟರಿನ ಆಚೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಎಂಜಿನಿಯರು. ಅವನ ಇನ್ನೊಂದು ಕಿವಿ ಗಿರಾಕಿಗಳಿಗೆ ಮೀಸಲು.

"ಸರ್, ಈ ಕಾರ್ಡ್ ನಾವು ಚೆಕ್ ಮಾಡಿದೀವಿ. ಸರಿಯಾಗೇ ಇದೆ."

"ಎಲ್ಲಿ ಚೆಕ್ ಮಾಡಿದ್ರಿ?"

"ಇಲ್ಲೇ ಸರ್, ಈ ಟೇಬಲ್ ಮೇಲೆ."

"ಶೆಡ್ಡಲ್ಲಿ ನಿಲ್ಲಿಸಿಕೊಂಡು ನೋಡಿದ್ರೆ ಯಾವ ಗಾಡಿನೂ ಸರಿಯಾಗೇ ಇರುತ್ತೆ ಕಣಪ್ಪಾ. ಏರು ಹತ್ತಿಸ್ಬೇಕು. ಫುಲ್ ಲೋಡಲ್ಲಿ."

ಎಂಜಿನಿಯರು ಕಣ್ಣು ಪಿಳಿಪಿಳಿ ಬಿಟ್ಟ. ಕಂಡಕ್ಟರಮ್ಮ ಕೌಂಟರಿಗೆ ಒರಗಿ, ಅವನ ಖಾಲಿ ಕಿವಿಯ ಕಡೆ ಬಾಗಿದರು. "ನೋಡಪ್ಪಾ, ಇವರಿಗೆ ಓಡಿಸೋಕೆ ಬಿಟ್ರೆ ಒಂದೇ ಟ್ರಿಪ್ಪಲ್ಲಿ ಮುಗಿಯುತ್ತೆ. ಬಿಡ್ಲಿಲ್ಲಾಂದ್ರೆ ನೀನು ಬಾಗಿಲು ಹಾಕೋವರೆಗೂ ಮಾತಾಡ್ತಾರೆ. ಸಂಸಾರ ಮಾಡಿರೋಳು ನಾನು, ನನಗೆ ಗೊತ್ತು."

ಅವನು ಬದುಕಿನಲ್ಲಿ ಬುದ್ಧಿವಂತ. ಮೂಲೆಯ ಮೇಜು ಖಾಲಿ ಮಾಡಿಸಿ, ಪರದೆ ಜೋಡಿಸಿಕೊಟ್ಟು, ಪ್ರಿಂಟರಿನವನ ಕಡೆ ಹೋದ. ಡ್ರೈವರು ಷರಟಿನ ಮೇಲಿನ ಗುಂಡಿ ಹಾಕಿಕೊಂಡು, ಪರದೆಗೆ ಮೂಗು ತಾಗಿಸಿ ಕೂತರು. ಹಾಲಿನ ಬೂತು ಬಂತು, ನಿಲ್ಲಿಸಿದರು. ಹಳೇ ಆಸ್ಪತ್ರೆ ಬಂತು, ನಿಲ್ಲಿಸಿದರು. ಟೀಚರು ಕತ್ತು ಉದ್ದ ಮಾಡಿ ನೋಡತೊಡಗಿದಳು. ನೀರಿನ ಟ್ಯಾಂಕು, ಸೇತುವೆ, ಏರು. ಏರಿನ ನಡುವೆ ನೇರಳೆ ಚೌಕಗಳು ಭುಗ್ಗನೆ ಎದ್ದವು. ಡ್ರೈವರ ಎದೆಯಲ್ಲಿ ಸಂತೋಷ ಉಕ್ಕಿತು. ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಗುಂಡಿ ಒತ್ತಿ, ಸ್ವಿಚ್ಚು ಆರಿಸಿ, "ಬಾರಪ್ಪಾ, ಬಂದು ನೋಡು!" ಎಂದು ಕೂಗಿದರು.

ಎಂಜಿನಿಯರು ಓಡಿ ಬಂದ. ಪರದೆ ಕಪ್ಪಗಿತ್ತು. ಮತ್ತೆ ಹಾಕಿದರೆ ಸೊಗಸಾದ ರಸ್ತೆ, ಹಸಿರು ಮರ.

"ಎಲ್ಲಿ ಸರ್?"

"ಈಗ ಇತ್ತು. ದೇವರಾಣೆಗೂ ಇತ್ತು. ಚೌಕಗಳೂ ಬಂದ್ವು, ಎಡಗಡೆ ಮಂಜೂ ಇತ್ತು."

"ಅದು ಬಂದಾಗ ನೀವೇನು ಮಾಡಿದ್ರಿ?"

"ಏನು ಮಾಡ್ತಾರೆ? ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡ್ದೆ."

ಎಂಜಿನಿಯರು ಕಿವಿಯಿಂದ ಇಯರ್‌ಫೋನ್ ತೆಗೆದ. ಬೆಳಗ್ಗಿನಿಂದ ಅದೇ ಮೊದಲು. "ಪ್ರತಿ ಸಲಾನೂ ಆಫ್ ಮಾಡ್ತೀರಾ? ಮನೇಲೂ?"

"ಮತ್ತೆ? ಕೆಟ್ಟ ಗಾಡಿ ಓಡಿಸೋಕೆ ನಾನೇನು ಕಟುಕನಾ?"

ಅವನು ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಸರ್! ಕಾರ್ಡು ಚೆನ್ನಾಗಿ ಕಾದ ಮೇಲೆ ಕೆಡ್ತಾ ಇದೆ. ನೀವು ಆಫ್ ಮಾಡಿದ್ರೆ ತಣ್ಣಗಾಗುತ್ತೆ, ಸರಿಹೋಗುತ್ತೆ. ನಾವು ಟೆಸ್ಟ್ ಮಾಡಿದ್ದೂ ಸ್ವಲ್ಪ ಹೊತ್ತು, ಅದೂ ಎಸಿಯಲ್ಲಿ. ಅದು ಕಾಯೋ ಮೊದಲೇ ನಾವು ನಿಲ್ಲಿಸಿದೀವಿ, ಕಾದ ಮೇಲೆ ನೀವು ನಿಲ್ಲಿಸಿದೀರಿ. ಇಬ್ಬರೂ ಸೇರಿ ಅದನ್ನ ಕಾಪಾಡಿದೀವಿ."

ಡ್ರೈವರು ಪೆಚ್ಚಾದರು. ಇಷ್ಟು ದಿನ ಸಾಕ್ಷಿಯನ್ನು ತಮ್ಮ ಕೈಯಾರೆ ಅಳಿಸುತ್ತಾ ಬಂದಿದ್ದರು, ಅದೂ ಅತ್ಯಂತ ಶಿಸ್ತಿನಿಂದ.

"ಇನ್ನೊಂದು ಟ್ರಿಪ್ ಹೊಡೀರಿ," ಎಂದು ಎಂಜಿನಿಯರು ಕುರ್ಚಿ ಎಳೆದು ಪಕ್ಕದಲ್ಲೇ ಕೂತ. "ಈ ಸಲ ಏನೇ ಬರ್ಲಿ, ನಿಲ್ಲಿಸ್ಬೇಡಿ. ಕೆಟ್ಟಿರೋದನ್ನ ನಾನು ಕಣ್ಣಾರೆ ನೋಡ್ಬೇಕು, ಫೋಟೋ ತೆಗೀಬೇಕು. ಆಗ್ಲೇ ಕಂಪನಿ ಒಪ್ಪೋದು."

ಹೇಳುವುದು ಸುಲಭ. ಫಿಟ್ಟಿಲ್ಲದ ಗಾಡಿಯನ್ನು ಫಿಟ್ಟಿಲ್ಲ ಎಂದು ಗೊತ್ತಿದ್ದೂ ಓಡಿಸಬೇಕು! ಆದರೆ ಸೊಸೆಯ ಕೈಚೀಲದೊಳಗಿನ ಕೀ ನೆನಪಾಗಿ, ಹಲ್ಲು ಕಚ್ಚಿ ಹೊರಟರು.

ಈ ಸಲ ಇಡೀ ಹಜಾರ ಅವರ ಬೆನ್ನ ಹಿಂದೆ ಬಂದು ನಿಂತಿತ್ತು. ಟೋಕನ್ ನಂಬರು ಕೂಗಿದರೂ ಯಾರೂ ಅಲುಗಲಿಲ್ಲ. ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. "ಹಿಂದೆ ನಿಂತಿರೋರು ಮುಂದೆ ಬನ್ನಿ, ಒಳಗೆ ಜಾಗ ಇದೆ. ಪ್ರಿಂಟರ್ ಸ್ವಾಮಿ, ಲಗೇಜು ಕೆಳಗಿಡಿ, ದಾರಿಗೆ ಅಡ್ಡ." ಪ್ರಿಂಟರಿನವನು ಮರುಮಾತಾಡದೆ ಕೆಳಗಿಟ್ಟ. "ಹಾಲಿನ ಬೂತು, ಯಾರ್ರೀ ಹಾಲಿನ ಬೂತು?" ಎಂದಾಗ ಟೀಚರು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟು ನಾಚಿಕೊಂಡಳು.

ಸೇತುವೆ ದಾಟಿತು. ಏರು ಶುರುವಾಯಿತು. ಡಬ್ಬಿಯೊಳಗಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಒಂದು ನೇರಳೆ ಚೌಕ ಬಂತು, ಅದರ ಪಕ್ಕ ಇನ್ನೊಂದು, ಮತ್ತೆ ಒಂದು ರಾಶಿ. ಎಂಜಿನಿಯರು ಜೇಬಿನೊಳಗಿನ ಫೋನಿಗೆ ತಡಕಾಡಿದ. ಡ್ರೈವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕೈ ಗುಂಡಿಯ ಕಡೆ ಚಾಚಿತು.

"ಸರ್, ಬೇಡ! ಆಫ್ ಮಾಡ್ಬೇಡಿ!"

"ಆಗಲ್ಲ ಕಣಪ್ಪಾ! ಕೈ ಕೇಳ್ತಿಲ್ಲ!" ಎಂದು ಡ್ರೈವರು ಕೂಗಿದರು. ನಿಜಕ್ಕೂ ಕೇಳುತ್ತಿರಲಿಲ್ಲ. ಬೆರಳು ಗುಂಡಿಯನ್ನು ಮುಟ್ಟೇಬಿಟ್ಟಿತು.

ಆಗ ಬೆನ್ನ ಹಿಂದಿನಿಂದ ಸೀಟಿ ಕೇಳಿಸಿತು. ಒಂದಲ್ಲ, ಎರಡು. ಪರ್ಸಿನ ಯಾವ ಮೂಲೆಯಲ್ಲಿ ಇಷ್ಟು ವರ್ಷ ಇಟ್ಟುಕೊಂಡಿದ್ದರೋ, ಕಂಡಕ್ಟರಮ್ಮ ಕೆನ್ನೆಯುಬ್ಬಿಸಿ ಊದಿ, "ರೈಟ್! ಹೋಗ್ಲಿ, ರೈಟ್ ರೈಟ್!" ಎಂದರು.

ಎರಡು ಸೀಟಿ ಎಂದರೆ ಹೊರಡಬೇಕು. ಡ್ರೈವರ ಕೈ ಗುಂಡಿ ಬಿಟ್ಟು ಸ್ಟೇರಿಂಗಿಗೆ ಬಂತು, ಕಾಲು ಬ್ರೇಕು ಬಿಟ್ಟಿತು. ಚೌಕಗಳ ನಡುವೆಯೇ ಬಸ್ಸು ಏರಿತು. ಮರಗಳು ಹರಿದವು, ಆಕಾಶ ನೆಲಕ್ಕಿಳಿಯಿತು, ತಲೆಯಿಲ್ಲದ ಲಾರಿಯೊಂದು ಅವರ ಮೈಮೇಲೆಯೇ ಹಾದುಹೋಯಿತು. ಟೀಚರು ಕಿಟಾರನೆ ಕಿರುಚಿದಳು, ಪ್ರಿಂಟರಿನವನು ಕಣ್ಣು ಮುಚ್ಚಿಕೊಂಡ. ಕೊನೆಗೆ ಪರದೆಯೆಲ್ಲ ನೇರಳೆಯಾಗಿ, ಒಮ್ಮೆ ನಡುಗಿ, ಕಪ್ಪಾಯಿತು.

"ಸಿಕ್ತು! ಎಲ್ಲಾ ಸಿಕ್ತು!" ಎಂದು ಎಂಜಿನಿಯರು ಫೋನು ಮೇಲೆತ್ತಿ ಕುಣಿದ. ಹಜಾರದಲ್ಲಿ ಚಪ್ಪಾಳೆ ಬಿತ್ತು. ಡ್ರೈವರು ಹಣೆಯ ಬೆವರು ಒರೆಸಿಕೊಂಡು, "ನೋಡಿದ್ಯಾ? ಚೌಕ ನೋಡಿದ್ಯಾ? ಮಂಜು?" ಎಂದರು.

"ಚೌಕ ಚೆನ್ನಾಗೇ ಕಾಣಿಸ್ತು ಸರ್. ಮಂಜು ನನಗೇನೂ ಕಾಣ್ಲಿಲ್ಲ. ಇರ್ಲಿ ಬಿಡಿ, ಹೊಸ ಕಾರ್ಡ್ ಬರುತ್ತಲ್ಲ, ಎಲ್ಲಾ ಒಟ್ಟಿಗೆ ಹೋಗುತ್ತೆ."

ಆ ಸಂಜೆ ಮನೆಯಲ್ಲಿ ಡ್ರೈವರು ಎಂಜಿನಿಯರು ತೆಗೆದ ಫೋಟೋವನ್ನು ಸೊಸೆಯ ಮುಂದೆ ಹಿಡಿದರು. ಅವಳು ಹಿಗ್ಗಿಸಿ ನೋಡಿ, ಕುಗ್ಗಿಸಿ ನೋಡಿ, ಕೊನೆಗೆ ನಕ್ಕುಬಿಟ್ಟಳು. "ಸೋತೆ ಮಾವ. ಕಾರ್ಡ್ ಬಂದ ದಿನ ಕೀ ಕೊಡ್ತೀನಿ." ಅವಳ ಮುಖದಿಂದ ದೊಡ್ಡ ಭಾರವೊಂದು ಇಳಿದಿತ್ತು. ಸೋತದ್ದಕ್ಕೆ ಇಷ್ಟು ಸಂತೋಷಪಡುವವರನ್ನು ಡ್ರೈವರು ಅದೇ ಮೊದಲು ನೋಡಿದ್ದು, ಅವರಿಗೆ ಅವಳ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಕರಗಿತು.

ಹೊಸ ಕಾರ್ಡು ಒಂದು ಶನಿವಾರ ಬಂತು. ಮಗ ಅದನ್ನು ಕೂರಿಸಿದ. ಸೊಸೆ ಮಾತಿಗೆ ತಪ್ಪದೆ ಸ್ಕೂಟರಿನ ಕೀಯನ್ನು ಮೇಜಿನ ಮೇಲೆ, ಸ್ಟೇರಿಂಗಿನ ಪಕ್ಕದಲ್ಲಿಟ್ಟಳು. "ಮೊದಲು ಒಂದು ಟ್ರಿಪ್ ಹೊಡೀರಿ ಮಾವ, ನಾವೂ ನೋಡ್ತೀವಿ." ಎಲ್ಲರೂ ಹಿಂದೆ ಸಾಲಾಗಿ ಕೂತರು.

ಡ್ರೈವರು ಠೀವಿಯಿಂದ ಹೊರಟರು. ಸೇತುವೆ ದಾಟಿ ಏರು ಬಂತು, ಹತ್ತಿದರು, ಇಳಿದರು. ಒಂದು ಚೌಕವಿಲ್ಲ. ಮಗ ಸಿಳ್ಳೆ ಹಾಕಿದ. ಏರಿನ ಆಚೆ ಎಡಕ್ಕೆ ಒಂದು ಸ್ಟಾಪಿತ್ತು. ಡ್ರೈವರು ಅದರ ಬೋರ್ಡಿನ ಕಡೆ ನೋಡಿದರು.

ಮಂಜು ಅಲ್ಲೇ ಇತ್ತು.

ಕಣ್ಣುಜ್ಜಿಕೊಂಡರು. ಅಲ್ಲೇ ಇತ್ತು. ಬಸ್ಸು ನಿಂತಿದ್ದಾಗ ಯಾರಿಗೂ ಕಾಣದ ಹಾಗೆ ಎಡಗಣ್ಣು ಮುಚ್ಚಿದರು. ಮಂಜು ಮಾಯವಾಗಿ, ಪರದೆ ಈ ಅಂಚಿನಿಂದ ಆ ಅಂಚಿನವರೆಗೆ ಫಳಫಳ ಹೊಳೆಯಿತು. ಬಲಗಣ್ಣು ಮುಚ್ಚಿದರು. ಬೋರ್ಡು, ಮರ, ರಸ್ತೆ, ಮೇಜಿನ ಮೇಲಿನ ಕೀ, ಎಲ್ಲವೂ ಹಬೆ ಕೂತ ಗಾಜಿನಾಚೆ ಹೋದವು.

ಗೊಂಬೆ ಪ್ರಯಾಣಿಕರು ಹತ್ತಿ ಕೂತು ಕಾಯುತ್ತಿದ್ದರು. ಡ್ರೈವರು ಗೇರು ಹಾಕಿ ಮುಂದೆ ಹೋದರು. ಯಾರಿಗೂ ಗೊತ್ತಾಗಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಕಂಪನಿ ಒಪ್ಪಿದೆ, ಸೊಸೆ ಒಪ್ಪಿದ್ದಾಳೆ, ಕೀ ಕೈಗೆಟಕುವಲ್ಲಿದೆ. ನಾಳೆ ಬೆಳಗ್ಗೆ ಮುಖಕ್ಕೆ ಗಾಳಿ, ಹಿಂದಿನ ಸೀಟಿನಲ್ಲಿ ಅವಳು. ಹಿಂದಿನ ಸೀಟಿನಲ್ಲಿ ಅವಳು. ಇನ್ನೊಂದು ಸ್ಟಾಪು ಬಂತು, ನಿಲ್ಲಿಸಿದರು, ಹೊರಟರು. ಮತ್ತೊಂದಕ್ಕೆ ಅವರಿಂದ ಆಗಲಿಲ್ಲ.

ಬಸ್ಸನ್ನು ಪಕ್ಕಕ್ಕೆ ಹಾಕಿದರು. ಹ್ಯಾಂಡ್‌ಬ್ರೇಕ್ ಎಳೆದರು. ಇಂಡಿಕೇಟರ್ ಹಾಕಿದರು. ಗುಂಡಿ ಒತ್ತಿದರು.

"ಮತ್ತೆ ಬಂತಾ ಅಪ್ಪ?" ಎಂದು ಮಗ ಹೌಹಾರಿ ಎದ್ದ. "ಹೊಸ ಕಾರ್ಡೂ ಕೆಟ್ಟಿದ್ಯಾ?"

"ಕಾರ್ಡು ಸರಿ ಇದೆ ಕಣೋ." ಡ್ರೈವರು ಕೀ ತೆಗೆದುಕೊಂಡು ಸೊಸೆಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಮಡಚಿದರು. ಎಷ್ಟೋ ಬೆಳಗ್ಗೆ ಹೇಳಿದ ಮಾತನ್ನೇ ಹೇಳಿದರು. "ಗಾಡಿ ಫಿಟ್ಟಿಲ್ಲಮ್ಮ. ಎಡಗಣ್ಣು."

ಇಷ್ಟು ದಿನ ಇದೇ ಮಾತು ಕೇಳಬೇಕೆಂದು ಜಗಳವಾಡಿದ ಸೊಸೆ, ಈಗ ಕೀ ಹಿಡಿದುಕೊಂಡು ಮುಖ ಆ ಕಡೆ ತಿರುಗಿಸಿದಳು. ಕಂಡಕ್ಟರಮ್ಮ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಬೆಚ್ಚಿಬೀಳಲೂ ಇಲ್ಲ. ಡ್ರೈವರು ಅದನ್ನು ಗಮನಿಸಿದರು. ಆಗ ಅವರಿಗೆ ರಸ್ತೆಯ ಗುಂಡಿ, ಸೈಕಲ್ಲು, ಮಲಗಿದ ನಾಯಿ, ಒಂದೊಂದೇ ನೆನಪಾಗತೊಡಗಿದವು. ಇವಳು ಒಂದು ದಿನವಾದರೂ ಬಲಗಡೆ ಏನಿದೆ ಎಂದು ಹೇಳಿದ್ದುಂಟೇ?

"ನಿನಗೆ ಗೊತ್ತಿತ್ತು," ಎಂದರು.

"ದಿನಾ ಹಿಂದೆ ಕೂರೋಳಿಗೆ ಗೊತ್ತಾಗಲ್ವಾ?"

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತೇನೇ?"

"ಗಾಡಿ ಫಿಟ್ಟಿಲ್ಲ ಅಂತ ಹೇಳೋದು ಡ್ರೈವರ ಕೆಲಸ. ನೀವು ಹೇಳ್ದೆ ಇರೋರಲ್ಲ, ಇವತ್ತಲ್ಲ ನಾಳೆ ಹೇಳ್ತೀರಿ ಅಂತ ಗೊತ್ತಿತ್ತು." ಕಂಡಕ್ಟರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಅಲ್ಲೀವರೆಗೂ ಎಡಗಡೆ ನಾನು ನೋಡ್ಕೊಂಡೆ. ಆದ್ರೂ ಡ್ರೈವರ್ರೇ, ಆ ಹಾಲಿನ ಸೈಕಲ್ಲಿನವನ ದಿನ ನನ್ನ ಪ್ರಾಣ ಬಾಯಿಗೆ ಬಂದಿತ್ತು."

ಡ್ರೈವರು ಆಕೆಯ ಕೈ ಹಿಡಿದುಕೊಂಡರು. ಆ ಕೈಯೊಳಗೆ ಸೀಟಿ ಇತ್ತು.

ಸೊಸೆ ಮೂಗು ಸೊರ್ ಎಳೆದುಕೊಂಡು ಫೋನು ತೆಗೆದಳು. "ಒಂದೇ ಕಣ್ಣು, ಮಂಜು ಅಂದ್ರೆ ಪೊರೆ ಇರಬಹುದು ಮಾವ. ಅದಕ್ಕೆ ಆಪರೇಷನ್ ಮಾಡಿ ಸರಿ ಮಾಡ್ತಾರೆ. ಬರ್ತೀರಾ, ನಾಡಿದ್ದು?"

"ಬರ್ತೀನಿ. ಆದ್ರೆ ಕೂತ ಕಡೆ ನೋಡಿ ಸರಿಯಾಗಿದೆ ಅಂತ ಚೀಟಿ ಕೊಡೋ ಡಾಕ್ಟ್ರು ಬೇಡ."

"ಅದನ್ನ ನಾನು ನೋಡ್ಕೋತೀನಿ," ಎಂದರು ಕಂಡಕ್ಟರಮ್ಮ. "ಬಸ್ಸಲ್ಲೇ ಹೋಗೋಣ. ನೀವು ಕಿಟಕಿ ಪಕ್ಕ ಕೂತ್ಕೊಳ್ಳಿ, ಬಲಗಡೆ."